ಮುಧೋಳ ಹೆಣ್ಣು ನಾಯಿ ಸೊರಗಿದೆಯಾ? ಮೊದಲು ಕಾರಣ ಹುಡುಕಿ, ಆಮೇಲೆ ಬಟ್ಟಲು ತುಂಬಿಸಿ

ಹೊಲ ಕಾಯೋಕೆ ಅಂತ ಮುಧೋಳ ತಳಿಯ ಹೆಣ್ಣು ಮರಿ ತಂದಿರ್ತೀರಿ. ಹತ್ತು ತಿಂಗಳಾದ್ರೂ ಮೈ ತುಂಬಿಲ್ಲ. ಸೊಂಟದ ಮೂಳೆ ಎದ್ದು ಕಾಣ್ತಿದೆ, ಕೂದಲು ಒರಟಾಗಿದೆ, ನಾಲ್ಕು ಹೆಜ್ಜೆ ಓಡಿ ಕೂತುಬಿಡುತ್ತೆ. ಒಬ್ಬರು "ಎಮ್ಮೆ ಹಾಲು ಕುಡಿಸಿ" ಅಂತಾರೆ, ಇನ್ನೊಬ್ಬರು "ದಿನಾ ಓಡಿಸಿ, ಹಸಿವಾಗುತ್ತೆ" ಅಂತಾರೆ. ಮತ್ತೊಬ್ಬರು "ಒಂದು ಸಲ ಮರಿ ಹಾಕಿದ್ರೆ ಮೈ ಕೂಡುತ್ತೆ ಬಿಡಿ" ಅಂತಾರೆ. ಈ ಮೂರು ಮಾತೂ ಸೊರಗಿದ ನಾಯಿಗೆ ಕೆಡುಕೇ ಮಾಡುತ್ತವೆ. ಮೂರನೆಯದಂತೂ ಅದರ ಜೀವಕ್ಕೇ ಕುತ್ತು ತರಬಹುದು.

ಬಾಗಲಕೋಟೆ ಜಿಲ್ಲೆಯ ಈ ತಳಿ ನಮ್ಮ ನಾಡಿನ ಆಸ್ತಿ. 2005ರಲ್ಲಿ ಅಂಚೆ ಇಲಾಖೆ ಇದರ ಚಿತ್ರದ ಅಂಚೆಚೀಟಿ ತಂದಿದೆ. ಮುಧೋಳ ಹತ್ತಿರದ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವೂ ಇದೆ. ತಳಿ ಎಷ್ಟೇ ಒಳ್ಳೇದಿದ್ರೂ ಸಾಕಣೆ ತಪ್ಪಿದ್ರೆ ನಾಯಿ ಉಳಿಯಲ್ಲ. ಈ ವಾರ ಆ ಸಾಕಣೆಯ ಪಾಠ.

ನಿಜವಾಗಿ ಸೊರಗಿದೆಯಾ, ತಳಿಯ ಗುಣವಾ?

ಮುಧೋಳ ನಾಯಿ ಹುಟ್ಟಾ ತೆಳ್ಳಗೆ. ಕಣ್ಣಿನಿಂದ ಬೇಟೆ ಗುರುತಿಸಿ ಓಡಿ ಹಿಡಿಯೋ ನಾಯಿ ಇದು. ಎದೆ ಆಳ, ಹೊಟ್ಟೆ ಒಳಕ್ಕೆ ಇರುತ್ತೆ. ಕೊನೆಯ ಎರಡು ಮೂರು ಪಕ್ಕೆಲುಬು ಕಂಡ್ರೆ ಗಾಬರಿ ಬೇಡ. ಇದನ್ನ ಲ್ಯಾಬ್ರಡಾರ್ ತರ ದುಂಡಗೆ ಮಾಡೋಕೆ ಹೋಗೋದೂ ತಪ್ಪೇ.

ಕಣ್ಣಲ್ಲಿ ನೋಡಿದ್ರೆ ಸಾಲದು, ಕೈಯಲ್ಲಿ ಮುಟ್ಟಿ ನೋಡಿ. ನಿಮ್ಮ ಎಡಗೈ ಮುಷ್ಟಿ ಕಟ್ಟಿ, ಬೆರಳ ಗೆಣ್ಣುಗಳ ಮೇಲೆ ಬಲಗೈ ಆಡಿಸಿ. ನಾಯಿಯ ಪಕ್ಕೆ ಹೀಗೇ ಗಟ್ಟಿಯಾಗಿ ಸಿಕ್ಕಿದ್ರೆ ತೀರಾ ಸೊರಗಿದೆ ಅಂತ ಅರ್ಥ. ಮುಷ್ಟಿ ಬಿಚ್ಚಿ ಮುಂಗೈ ಹಿಂಭಾಗ ಮುಟ್ಟಿ, ಹೀಗಿದ್ರೆ ಸರಿ. ಅಂಗೈ ತರ ಮೆತ್ತಗಿದ್ರೆ ಕೊಬ್ಬು ಜಾಸ್ತಿ. ಜೊತೆಗೆ ಬೆನ್ನುಮೂಳೆ, ಸೊಂಟದ ಮೂಳೆ ಚೂಪಾಗಿ ಎದ್ದು, ಹಿಂದೊಡೆಯ ಮಾಂಸ ಬತ್ತಿದ್ರೆ ಅದು ತಳಿಯ ಗುಣವಲ್ಲ, ಕೊರತೆ.

ತೂಕ ನೋಡೋದು ಸುಲಭ. ನಾಯಿಯನ್ನ ಎತ್ತಿಕೊಂಡು ತಕ್ಕಡಿ ಮೇಲೆ ನಿಂತುಕೊಳ್ಳಿ, ಆಮೇಲೆ ನೀವೊಬ್ಬರೇ ನಿಂತು ಕಳೆಯಿರಿ. ಪ್ರತಿ ಭಾನುವಾರ ಒಂದೇ ಹೊತ್ತಿಗೆ ತೂಕ ಹಾಕಿ, ಒಂದೇ ಜಾಗದಲ್ಲಿ ಪಕ್ಕದಿಂದ ಮತ್ತು ಮೇಲಿಂದ ಫೋಟೋ ತೆಗೆದಿಡಿ. ದಿನಾ ನೋಡೋ ಕಣ್ಣಿಗೆ ಬದಲಾವಣೆ ಗೊತ್ತಾಗಲ್ಲ, ಫೋಟೋದಲ್ಲಿ ಗೊತ್ತಾಗುತ್ತೆ.

ತಿಂದಿದ್ದು ಎಲ್ಲಿಗೆ ಹೋಗ್ತಿದೆ?

ಚೆನ್ನಾಗಿ ತಿಂದೂ ಸೊರಗಿದ್ರೆ ಮೊದಲ ಅನುಮಾನ ಜಂತುಹುಳದ ಮೇಲೆ. ಕೊಕ್ಕೆಹುಳ ಕರುಳಿಗೆ ಕಚ್ಚಿಕೊಂಡು ರಕ್ತ ಹೀರುತ್ತೆ. ತುಟಿ ಎತ್ತಿ ಒಸಡು ನೋಡಿ. ಗುಲಾಬಿ ಬಣ್ಣ ಇರಬೇಕು. ಬಿಳಚಿಕೊಂಡಿದ್ರೆ, ಮಲ ಡಾಂಬರಿನಂತೆ ಕಪ್ಪಾಗಿದ್ರೆ ತಡ ಮಾಡಬೇಡಿ. ಗುದದ ಹತ್ತಿರ ಅಕ್ಕಿಕಾಳಿನಂಥ ಚೂರು ಕಂಡ್ರೆ ಅದು ಲಾಡಿಹುಳ. ಇದು ಚಿಗಟದಿಂದ ಬರೋದೇ ಹೆಚ್ಚು, ಹಾಗಾಗಿ ಚಿಗಟ ಹೋಗದಿದ್ರೆ ಹುಳ ಮತ್ತೆ ಬರುತ್ತೆ. ಜಂತುನಾಶಕ ಮಾತ್ರೆಯನ್ನ ತೂಕಕ್ಕೆ ತಕ್ಕಂತೆ ಕೊಟ್ಟು, ಎರಡು ಮೂರು ವಾರ ಬಿಟ್ಟು ಮತ್ತೊಮ್ಮೆ ಕೊಡಬೇಕು. ಒಂದು ಸಲಕ್ಕೆ ಕೆಲಸ ಮುಗಿಯಲ್ಲ.

ಎರಡನೆಯದು ಉಣ್ಣೆ ಜ್ವರ. ಕಿವಿಯೊಳಗೆ, ಬೆರಳ ಸಂದಿಯಲ್ಲಿ, ಬಾಲದ ಬುಡದಲ್ಲಿ ಉಣ್ಣೆ ಹುಡುಕಿ. ಜ್ವರ, ಊಟ ಬಿಡೋದು, ಮೂಗಲ್ಲಿ ರಕ್ತ, ಕಾಫಿ ಬಣ್ಣದ ಮೂತ್ರ, ಇವುಗಳಲ್ಲಿ ಒಂದಿದ್ರೂ ಅವತ್ತೇ ಪಶುವೈದ್ಯರ ಹತ್ತಿರ ಕರೆದುಕೊಂಡು ಹೋಗಿ ರಕ್ತ ಪರೀಕ್ಷೆ ಮಾಡಿಸಿ.

ಇಲ್ಲೊಂದು ಎಚ್ಚರಿಕೆ. ಕೊಟ್ಟಿಗೆಯಲ್ಲಿ ದನಕ್ಕೆ ತಂದ ಉಣ್ಣೆ ಔಷಧಿ, ಐವರ್‌ಮೆಕ್ಟಿನ್ ಚುಚ್ಚುಮದ್ದು ಇದೆ ಅಂತ ಅಂದಾಜಿನ ಮೇಲೆ ನಾಯಿಗೆ ಹಾಕಬೇಡಿ. ದನದ ಪ್ರಮಾಣವೇ ಬೇರೆ, ನಾಯಿಯದ್ದೇ ಬೇರೆ. ಮೈಮೇಲೆ ಕೊಬ್ಬಿಲ್ಲದ, ಸೊರಗಿದ ನಾಯಿಗೆ ಅಂದಾಜಿನ ಮದ್ದು ಇನ್ನೂ ಅಪಾಯ.

ದಿನಕ್ಕೆ ಎಷ್ಟು ಬೇಕು?

ಮೊಬೈಲ್ ಕ್ಯಾಲ್ಕುಲೇಟರ್ ತೆಗೀರಿ. ತೂಕವನ್ನ ಅದರಿಂದಲೇ ಮೂರು ಸಲ ಗುಣಿಸಿ. 16 ಕೆಜಿ ನಾಯಿಗೆ 16×16×16, ಅಂದ್ರೆ 4096. ಇದಕ್ಕೆ ವರ್ಗಮೂಲದ ಗುಂಡಿ ಎರಡು ಸಲ ಒತ್ತಿ. ಮೊದಲು 64, ಆಮೇಲೆ 8 ಬರುತ್ತೆ. 8ನ್ನ 70ರಿಂದ ಗುಣಿಸಿದ್ರೆ 560. ಸುಮ್ಮನೆ ಮಲಗಿರೋ ನಾಯಿಗೂ ದಿನಕ್ಕೆ ಇಷ್ಟು ಕ್ಯಾಲೊರಿ ಬೇಕು.

ಈಗ ನಾವು ಮುಟ್ಟಬೇಕಾದ ತೂಕಕ್ಕೆ ಇದೇ ಲೆಕ್ಕ ಹಾಕೋಣ. 20 ಕೆಜಿಗೆ ಸುಮಾರು 660 ಬರುತ್ತೆ. ಬೆಳೆಯೋ ವಯಸ್ಸು, ಮೈ ಕೂಡಬೇಕು, ಹಾಗಾಗಿ ಇದರ ಒಂದೂಮುಕ್ಕಾಲು ಪಟ್ಟಿನಿಂದ ಎರಡು ಪಟ್ಟು, ಅಂದ್ರೆ ಸುಮಾರು 1150ರಿಂದ 1300 ಕ್ಯಾಲೊರಿ.

ಮೊದಲ ದಿನವೇ ಅಷ್ಟನ್ನೂ ಸುರೀಬೇಡಿ. ಬಹಳ ದಿನ ಅರೆಹೊಟ್ಟೆ ಇದ್ದ ನಾಯಿಗೆ ಒಮ್ಮೆಲೇ ಜಾಸ್ತಿ ಹಾಕಿದ್ರೆ ವಾಂತಿ, ಬೇಧಿ ಆಗುತ್ತೆ. ತೀರಾ ಬಡಕಲಾಗಿದ್ರೆ ಪ್ರಾಣಕ್ಕೂ ತೊಂದರೆ, ಅಂಥ ನಾಯಿಗೆ ವೈದ್ಯರ ಮೇಲ್ವಿಚಾರಣೆಯಲ್ಲೇ ಊಟ ಶುರು ಮಾಡಿ. ಉಳಿದವಕ್ಕೆ 600 ಕ್ಯಾಲೊರಿಯಿಂದ ಶುರು ಮಾಡಿ, ಹತ್ತು ಹನ್ನೆರಡು ದಿನದಲ್ಲಿ ಸ್ವಲ್ಪ ಸ್ವಲ್ಪವಾಗಿ ಏರಿಸಿ. ದಿನದ ಊಟವನ್ನ ಮೂರು ನಾಲ್ಕು ಪಾಲು ಮಾಡಿ.

ಬಟ್ಟಲಲ್ಲಿ ಏನಿರಬೇಕು?

ನಮ್ಮ ಕಡೆ ನಾಯಿಗೆ ರೊಟ್ಟಿ, ಹಾಲು, ಅನ್ನ, ಸಾರು ಹಾಕೋದು ರೂಢಿ. ಹೊಟ್ಟೆ ತುಂಬುತ್ತೆ, ಮಾಂಸಖಂಡ ಬೆಳೆಯಲ್ಲ. ಅದಕ್ಕೆ ಪ್ರೊಟೀನ್ ಬೇಕು. ಪೂರ್ತಿ ಪ್ರಮಾಣಕ್ಕೆ ಬಂದ ಮೇಲೆ ಒಂದು ದಿನದ ಲೆಕ್ಕ ಹೀಗಿರಲಿ:

– ಜೋಳದ ಹಿಟ್ಟು 150 ಗ್ರಾಂ, ರೊಟ್ಟಿ ಅಥವಾ ಅಂಬಲಿ ಮಾಡಿ: ಸುಮಾರು 500 ಕ್ಯಾಲೊರಿ
– ಮೂಳೆ ತೆಗೆದ, ಚರ್ಮ ಸಹಿತ ಕೋಳಿ ಮಾಂಸ 200 ಗ್ರಾಂ, ಬೇಯಿಸಿದ್ದು: ಸುಮಾರು 400
– ಬೇಯಿಸಿದ ಮೊಟ್ಟೆ 2: ಸುಮಾರು 140
– ಶೇಂಗಾ ಎಣ್ಣೆ ಒಂದು ದೊಡ್ಡ ಚಮಚ: ಸುಮಾರು 120
– ಗಟ್ಟಿ ಮೊಸರು 100 ಗ್ರಾಂ: ಸುಮಾರು 60

ಒಟ್ಟು 1200 ದಾಟುತ್ತೆ. ಎಣ್ಣೆಯನ್ನ ಕಾಲು ಚಮಚದಿಂದ ಶುರು ಮಾಡಿ, ಮಲ ತೆಳ್ಳಗಾದ್ರೆ ನಿಲ್ಲಿಸಿ. ಮೂಳೆ ಇಲ್ಲದ ಊಟದಲ್ಲಿ ಕ್ಯಾಲ್ಸಿಯಂ ಕಮ್ಮಿ. ತೊಳೆದು, ಒಣಗಿಸಿ, ನುಣ್ಣಗೆ ಪುಡಿ ಮಾಡಿದ ಮೊಟ್ಟೆಚಿಪ್ಪು ದಿನಕ್ಕೆ ಅರ್ಧ ಟೀ ಚಮಚ ಬೆರೆಸಿ. ಖನಿಜ, ಜೀವಸತ್ವದ ಪುಡಿ ಬೇಕಾ ಅಂತ ವೈದ್ಯರನ್ನ ಕೇಳಿ. ಮನೇಲಿ ಮಾಂಸ ಬೇಯಿಸಲ್ಲ ಅನ್ನೋರಿಗೆ ಮರಿಗಳಿಗೆ ಅಂತಲೇ ಬರುವ ಪ್ಯಾಕೆಟ್ ಆಹಾರ ಸಲೀಸು. ಪ್ರೊಟೀನ್ ಶೇ. 22ಕ್ಕಿಂತ ಜಾಸ್ತಿ ಇದೆಯಾ ಅಂತ ಚೀಟಿ ಓದಿ ತಗೊಳ್ಳಿ.

ಇವು ಬೇಡ: ಈರುಳ್ಳಿ, ಬೆಳ್ಳುಳ್ಳಿ ಹಾಕಿದ ಸಾರು (ನಾಯಿಯ ರಕ್ತಕಣ ಹಾಳಾಗುತ್ತೆ), ಬೇಯಿಸಿದ ಮೂಳೆ (ಸೀಳಿ ಕರುಳಿಗೆ ಚುಚ್ಚುತ್ತೆ), ದ್ರಾಕ್ಷಿ, ಚಾಕೊಲೇಟ್, ಉಪ್ಪು ಮೀನು. ಎಮ್ಮೆ ಹಾಲು ಬಹಳ ನಾಯಿಗಳಿಗೆ ಬೇಧಿ ತರುತ್ತೆ. ಬೇಧಿಯಾದ್ರೆ ತೂಕ ಏರೋ ಬದಲು ಇಳಿಯುತ್ತೆ. ಹಾಲಿನ ಬದಲು ಮೊಸರು ಕೊಡಿ.

ಓಟ ಯಾವಾಗ?

ಮೈಯಲ್ಲಿ ಏನೂ ಇಲ್ಲದೆ ಓಡಿಸಿದ್ರೆ ನಾಯಿ ತನ್ನ ಮಾಂಸಖಂಡವನ್ನೇ ಕರಗಿಸಿಕೊಳ್ಳುತ್ತೆ. ಹಾಗಾಗಿ ಕ್ರಮ ಹೀಗಿರಲಿ.

1–2ನೇ ವಾರ: ಹಗ್ಗ ಹಿಡಿದು ನಡಿಗೆ ಮಾತ್ರ, ಬೆಳಿಗ್ಗೆ ಸಂಜೆ 15 ನಿಮಿಷ.
3–4ನೇ ವಾರ: ನಡಿಗೆ 30 ನಿಮಿಷ, ಹೊಲದ ಬದು, ಏರು ತಗ್ಗಿನ ಜಾಗದಲ್ಲಿ.
5–6ನೇ ವಾರ: ನಡುನಡುವೆ ಹಗುರ ಓಟ, ಮಣ್ಣಿನ ನೆಲದಲ್ಲಿ.
7–8ನೇ ವಾರ: ಬಿಟ್ಟು ಓಡಿಸಿ, 100 ಮೀಟರಿನಷ್ಟು, ಎರಡು ಮೂರು ಸಲ. ಪ್ರತಿ ಓಟದ ನಂತರ ಏದುಸಿರು ತಗ್ಗೋವರೆಗೆ ವಿಶ್ರಾಂತಿ. ವಾರಕ್ಕೆ ಎರಡೇ ದಿನ.

ಯಾವ ವಾರವಾದ್ರೂ ತೂಕ ಇಳಿದ್ರೆ ಒಂದು ಹೆಜ್ಜೆ ಹಿಂದೆ ಬನ್ನಿ. ಊಟಕ್ಕೆ ಒಂದು ತಾಸು ಮುಂಚೆ, ಊಟ ಆಗಿ ಎರಡು ತಾಸು ಓಟ ಬೇಡ. ಆಳ ಎದೆಯ ನಾಯಿಗಳಿಗೆ ಹೊಟ್ಟೆ ಉಬ್ಬಿ ತಿರುಚಿಕೊಳ್ಳೋ ಕಾಯಿಲೆ ಬರೋ ಸಾಧ್ಯತೆ ಜಾಸ್ತಿ. ಬೇಸಿಗೆಯಲ್ಲಿ ಬಿಸಿಲೇರೋ ಮುಂಚೆಯೇ ಮುಗಿಸಿ. ನಾಯಿಯ ಸಹಜ ತಾಪ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ಬಿಸಿಲಲ್ಲಿ ಓಡಿ 104 ದಾಟಿದ್ರೆ ನೆರಳಿಗೆ ತಂದು ಮೈಗೆಲ್ಲ ತಣ್ಣೀರು ಸುರಿದು, ಗಾಳಿ ಹಾಕಿ, ಆಸ್ಪತ್ರೆಗೆ ಒಯ್ಯಿರಿ.

ಇನ್ನೊಂದು ಮಾತು. ಬೇಟೆ ತಳಿ ಅಂತ ಮೊಲ, ನರಿ ಹಿಂದೆ ಬಿಡಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅದು ಅಪರಾಧ. ಹೊಲ ಕಾಯೋಕೆ ನಾಯಿಯ ಓಡಾಟ, ಬೊಗಳೋದೇ ಸಾಕು.

ಮರಿ ಆಸೆ ಸ್ವಲ್ಪ ತಡೀಲಿ

ಮರಿ ಮಾರಿದ್ರೆ ಒಳ್ಳೇ ದುಡ್ಡು, ಹೌದು. ಆದ್ರೆ ಸೊರಗಿದ ನಾಯಿ 63 ದಿನ ಗಬ್ಬ ಹೊತ್ತು, ಆಮೇಲೆ ಆರೆಂಟು ಮರಿಗೆ ಹಾಲು ಕೊಡಬೇಕು. ಆ ಹಾಲು ಅದರ ಮೈಯಿಂದಲೇ ಬರಬೇಕು, ಮೂಳೆಯ ಕ್ಯಾಲ್ಸಿಯಂ ಸಹಿತ. ತಾಯಿ ನಡುಗಿ ಬೀಳುತ್ತೆ, ಮರಿ ಸಾಯುತ್ತವೆ. ಮೊದಲ ಬೆದೆಗೆ ಬಂದಾಗ ಸುಮಾರು ಮೂರು ವಾರ ಮನೆಯೊಳಗೇ ಕಟ್ಟಿಕೊಳ್ಳಿ, ಬೀದಿ ನಾಯಿಗಳ ಮೇಲೂ ಕಣ್ಣಿಡಿ. ಎರಡು ವರ್ಷ ತುಂಬಿ, ತೂಕ ನಿಂತು, ಲಸಿಕೆ ಎಲ್ಲಾ ಆದ ಮೇಲೆ ಮರಿಯ ಯೋಚನೆ ಮಾಡಿ. ರೇಬೀಸ್ ಲಸಿಕೆ ಮರೀಲೇಬೇಡಿ, ಅದು ನಾಯಿಗಷ್ಟೇ ಅಲ್ಲ, ನಿಮ್ಮ ಮಕ್ಕಳಿಗೂ ರಕ್ಷಣೆ.

ಎಷ್ಟು ದಿನ ಬೇಕು?

ವಾರಕ್ಕೆ 200ರಿಂದ 300 ಗ್ರಾಂ ಏರಿದ್ರೆ ಸರಿಯಾದ ದಾರಿ. ಅಂದ್ರೆ 16 ಕೆಜಿಯಿಂದ 20ಕ್ಕೆ ಬರೋಕೆ ಸುಮಾರು ಮೂರರಿಂದ ನಾಲ್ಕೂವರೆ ತಿಂಗಳು ಬೇಕು. ಹುಳದ ಔಷಧಿ ಆಗಿ, ಊಟ ಸರಿಯಾಗಿ ಕೊಟ್ಟೂ ಮೂರು ವಾರ ತೂಕ ಅಲ್ಲಾಡದಿದ್ರೆ ಊಟ ಇನ್ನೂ ಏರಿಸಬೇಡಿ. ಮಲ, ರಕ್ತ ಪರೀಕ್ಷೆ ಮಾಡಿಸಿ.

ಈ ವಾರ ಮೂರೇ ಕೆಲಸ ಮಾಡಿ: ತೂಕ ಬರೆದಿಡಿ, ಒಸಡಿನ ಬಣ್ಣ ನೋಡಿ, ಹಸಿ ಮಲವನ್ನ ಡಬ್ಬಿಯಲ್ಲಿ ಹಾಕಿ ಹತ್ತಿರದ ಪಶು ಆಸ್ಪತ್ರೆಗೆ ಒಯ್ಯಿರಿ. ಬಟ್ಟಲು ತುಂಬಿಸೋದು ಅದಾದ ಮೇಲೆ.