ಭಾನುವಾರದ ರಾಹುಕಾಲ

ಮಗಳೇ,

ಹೋದ ವಾರ ಮನೆಗೆ ಬಂದಾಗ ಕಾಫಿ ಲೋಟ ಕೆಳಗಿಟ್ಟು, ‘ಅಜ್ಜೀ, ವಾರವೆಲ್ಲ ಹೇಗೋ ಕಳೆದುಹೋಗುತ್ತೆ, ಭಾನುವಾರ ಸಂಜೆ ಮಾತ್ರ ಆಗಲ್ಲ’ ಅಂದೆ. ಆಮೇಲೆ ಇನ್ನೂ ಸಣ್ಣ ದನಿಯಲ್ಲಿ, ‘ದೇವರಿಗೂ ನನ್ನ ನೆನಪಿಲ್ಲ ಅನಿಸುತ್ತೆ’ ಅಂದೆ. ಮನೆ ತುಂಬ ಜನ ಇದ್ದರು, ಮಾತು ಅಲ್ಲಿಗೇ ನಿಂತಿತು. ಅದಕ್ಕೇ ಬರೆಯುತ್ತಿದ್ದೇನೆ. ಬಿಟಿಎಂ ಲೇಔಟ್‌ನ ಆ ಪಿಜಿಯಲ್ಲಿ ನಿನ್ನ ಪಕ್ಕದ ಮಂಚಗಳಲ್ಲಿ ಮಲಗುವ ಹುಡುಗಿಯರೂ ಇದನ್ನು ಓದಿದರೆ ನನಗೆ ಸಂತೋಷ.

ನೀನು ಹೇಳಿದ ಆ ಸಂಜೆ ನನ್ನ ಕಣ್ಣಿಗೆ ಕಟ್ಟಿದೆ. ಭಾನುವಾರ ರಾತ್ರಿ ಪಿಜಿಯಲ್ಲಿ ಅಡುಗೆ ಇಲ್ಲ. ಒಬ್ಬಳು ಸಿನಿಮಾಗೆ ಹೋಗಿದ್ದಾಳೆ, ಇನ್ನೊಬ್ಬಳು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಗೋಡೆ ಕಡೆ ತಿರುಗಿ ಮಲಗಿದ್ದಾಳೆ. ನೀನು ಫೋನಿನಲ್ಲಿ ಊರಿನ ಮದುವೆಯ ಫೋಟೋಗಳನ್ನು ನೋಡುತ್ತ ಕೂತಿದ್ದೀಯ. ಅಮ್ಮ ಫೋನ್ ಮಾಡಿದರೆ ‘ಊಟ ಆಯ್ತು’ ಅನ್ನುತ್ತೀಯ, ಆಗಿರುವುದಿಲ್ಲ. ಇದೆಲ್ಲ ನಿನ್ನ ಸ್ವಭಾವದ ಕೊರತೆ ಅಂತ ಮಾತ್ರ ತಿಳಿಯಬೇಡ. ಜಗತ್ತಿನಲ್ಲಿ 6 ಜನರಲ್ಲಿ ಒಬ್ಬರನ್ನು ಒಂಟಿತನ ಕಾಡುತ್ತಿದೆ, ಹರೆಯದವರಲ್ಲೇ ಅದು ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆಯೇ 2025ರಲ್ಲಿ ಹೇಳಿತು. ಊರಲ್ಲಿ ಬಾಗಿಲು ತೆರೆದರೆ ನಾಲ್ಕು ಜನ ಮಾತಾಡಿಸುವ ಕಡೆಯಿಂದ ಬಂದವಳಿಗೆ ಅದು ಇನ್ನೂ ಚುಚ್ಚುತ್ತದೆ.

ನಮ್ಮ ಈ ಭಾಗದಲ್ಲಿ ಇರುವವರಲ್ಲಿ ಎಷ್ಟೋ ಜನ ಎಲ್ಲಿಂದಲೋ ಬಂದವರೇ. ನೀನು ಇರುವ ಬಡಾವಣೆಯ ಹೆಸರಿನ ಮೂರು ಅಕ್ಷರಗಳ ಹಿಂದೆ ಮೂರು ಹಳ್ಳಿಗಳಿವೆ: ಬೈರಸಂದ್ರ, ತಾವರೆಕೆರೆ, ಮಡಿವಾಳ. ಜಯನಗರಕ್ಕೆ ಅಡಿಗಲ್ಲು ಬಿದ್ದದ್ದು 1948ರಲ್ಲಿ. ಜಯಚಾಮರಾಜೇಂದ್ರ ಒಡೆಯರ ಹೆಸರು ಹೊತ್ತ ಈ ಬಡಾವಣೆಯ ಅಗಲ ರಸ್ತೆಗಳಿಗೆ ನಾನು ಮದುವೆಯಾಗಿ ಬಂದಾಗ ನನಗೂ ಯಾರೂ ಗೊತ್ತಿರಲಿಲ್ಲ. ತರಕಾರಿಯವನು ಮಾತ್ರ ದಿನಾ ‘ಏನಮ್ಮಾ’ ಅನ್ನುತ್ತಿದ್ದ. ಅದಕ್ಕೋಸ್ಕರವೇ ಬೇಡದಿದ್ದರೂ ಕೊತ್ತಂಬರಿ ಕೊಳ್ಳುತ್ತಿದ್ದೆ. ನಿಮ್ಮ ಕಾಲದಲ್ಲಿ ತರಕಾರಿಯೂ ಹತ್ತು ನಿಮಿಷದಲ್ಲಿ ಬಾಗಿಲಿಗೇ ಬರುತ್ತದೆ. ತಂದವನ ಮುಖ ನೋಡುವಷ್ಟರಲ್ಲಿ ಲಿಫ್ಟಿನಲ್ಲಿ ಇಳಿದಿರುತ್ತಾನೆ. ನಿಮಗೆ ನಮಗಿಂತ ಕಷ್ಟ, ಒಪ್ಪುತ್ತೇನೆ.

ಈಗ ದೇವರ ವಿಷಯ. ಭಾನುವಾರ ಸಂಜೆ ಅಂದೆಯಲ್ಲ. ಸುಮಾರು ನಾಲ್ಕೂವರೆಯಿಂದ ಆರರವರೆಗೆ ಅವತ್ತು ರಾಹುಕಾಲ. ಆ ಹೊತ್ತಿನಲ್ಲಿ ನಮ್ಮ ಜನ ಹೊಸ ಕೆಲಸ ಶುರು ಮಾಡುವುದಿಲ್ಲ, ಹೆಣ್ಣು ನೋಡಲು ಹೊರಡುವುದಿಲ್ಲ, ಮುಂಗಡ ಕೊಡುವುದಿಲ್ಲ. ಕೆಟ್ಟ ಹೊತ್ತು ಅಂತ ಬದಿಗಿಟ್ಟುಬಿಟ್ಟಿದ್ದೇವೆ. ಆದರೆ ನಿನ್ನ ಪಿಜಿಯಿಂದ ತುಂಬ ದೂರವಿಲ್ಲದ ಕನಕಪುರ ರಸ್ತೆಯಲ್ಲಿ, 1915ರಲ್ಲಿ ಕಟ್ಟಿಸಿದ ಬನಶಂಕರಿ ಗುಡಿಯಲ್ಲಿ, ಜನ ಸೇರುವುದೇ ಆ ಹೊತ್ತಿನಲ್ಲಿ. ಮಂಗಳವಾರ, ಶುಕ್ರವಾರ, ಭಾನುವಾರ ರಾಹುಕಾಲಕ್ಕೆ ಅಲ್ಲಿ ನಿಂಬೆಹಣ್ಣಿನ ದೀಪ ಹಚ್ಚುತ್ತಾರೆ. ಬಾದಾಮಿ ಹತ್ತಿರ ಚೊಳಚಗುಡ್ಡದಲ್ಲಿರುವ ಬನಶಂಕರಿಯ ಹೆಸರಿನಲ್ಲೇ ಇಲ್ಲಿ ನೆಲೆಯಾದ ತಾಯಿ ಅವಳು. ಯಾರೂ ಒಳ್ಳೆಯದೆನ್ನದ ಹೊತ್ತನ್ನು ತನ್ನ ಹೊತ್ತೆಂದು ಇಟ್ಟುಕೊಂಡವಳು. ಇದನ್ನು ಯೋಚಿಸಿದಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ. ಮನಸ್ಸು ತಿಳಿಯಾದ ಮೇಲೆ ಬಾ, ಒಳ್ಳೆಯ ದಿನ ನೋಡಿಕೊಂಡು ಬಾ ಅಂತ ಅವಳು ಹೇಳುವುದಿಲ್ಲ.

ಆ ದೀಪ ಹಚ್ಚುವುದನ್ನು ನೀನು ಒಮ್ಮೆ ಹತ್ತಿರ ಕೂತು ನೋಡಬೇಕು. ನಿಂಬೆಹಣ್ಣನ್ನು ಅಡ್ಡಕ್ಕೆ ಕೊಯ್ದು, ರಸ ಹಿಂಡಿ, ಹೋಳಿನ ಬೆನ್ನಿಗೆ ಹೆಬ್ಬೆರಳು ಕೊಟ್ಟು ಮೆಲ್ಲಗೆ ಒತ್ತಿದರೆ ಸಿಪ್ಪೆ ಒಳಹೊರಗಾಗಿ ಪುಟ್ಟ ಬಟ್ಟಲಾಗುತ್ತದೆ. ಅದಕ್ಕೆ ತುಪ್ಪವೋ ಎಣ್ಣೆಯೋ ಹಾಕಿ ಬತ್ತಿ ಇಡುವುದು. ಹೊಸಬರು ಜೋರಾಗಿ ಒತ್ತುತ್ತಾರೆ, ಸಿಪ್ಪೆ ಸೀಳಿಹೋಗುತ್ತದೆ. ಆಗ ಪಕ್ಕದಲ್ಲಿ ಕೂತವಳು, ಯಾವ ಊರವಳೋ, ‘ಹಾಗಲ್ಲ ಕಣೇ, ಇಲ್ಲಿ ಕೊಡು’ ಅಂತ ಕೈಯಿಂದ ತೆಗೆದುಕೊಂಡು ಮಾಡಿಕೊಡುತ್ತಾಳೆ. ಗಾಳಿಗೆ ಕಡ್ಡಿ ಆರಿದರೆ ಇನ್ನೊಬ್ಬಳ ದೀಪದಿಂದ ನಿನ್ನದನ್ನು ಹಚ್ಚಿಕೊಳ್ಳುತ್ತೀಯ. ಅಲ್ಲಿ ಮಗನಿಗೆ ಕೆಲಸ ಸಿಗಲೆಂದು ಬಂದವಳಿದ್ದಾಳೆ, ಗಂಡ ಬಿಟ್ಟುಹೋದವಳಿದ್ದಾಳೆ, ಆಸ್ಪತ್ರೆಯಿಂದ ನೇರ ಬಂದವಳಿದ್ದಾಳೆ. ಯಾರೂ ಯಾರನ್ನೂ ‘ನಿನಗೇನು ಕಷ್ಟ’ ಅಂತ ಕೇಳುವುದಿಲ್ಲ. ಕಷ್ಟ ಇಲ್ಲದೆ ಈ ಹೊತ್ತಿಗೆ ಯಾರು ಬರುತ್ತಾರೆ ಅನ್ನುವುದು ಎಲ್ಲರಿಗೂ ಗೊತ್ತು.

ನೀನು ಕೇಳಬಹುದು, ‘ಅಜ್ಜೀ, ನಮ್ಮ ಮನೆಯಲ್ಲಿ ಲಿಂಗಪೂಜೆ, ಗುಡಿ ಅಷ್ಟಾಗಿ ಇಲ್ಲ’ ಅಂತ. ಗೊತ್ತು. ನಿಮ್ಮ ಶರಣರಿಗೆ ದೇವರನ್ನು ಹುಡುಕಿಕೊಂಡು ಗುಡಿಗೆ ಹೋಗುವ ಅಗತ್ಯವಿರಲಿಲ್ಲ. ದೇವರು ಅಂಗೈ ಮೇಲೇ ಇದ್ದ. ಹಾಗಾದರೆ ಒಂದು ಕೇಳುತ್ತೇನೆ. ಇಷ್ಟಲಿಂಗವನ್ನು ಸೂಟ್‌ಕೇಸಿನ ತಳದಲ್ಲಿ ಇಟ್ಟಿದ್ದೇನೆ ಅಂದೆಯಲ್ಲ, ಅದನ್ನು ನಿನಗೆ ಕಟ್ಟಿದಾಗ ನೀನು ಎಷ್ಟು ದೊಡ್ಡವಳಿದ್ದೆ? ಬಾಣಂತಿ ಕೋಣೆಯಲ್ಲಿದ್ದ ಹಸುಗೂಸು. ಮಾರ್ಕ್ಸ್ ಬಂದಿರಲಿಲ್ಲ, ಕ್ಯಾಂಪಸ್ ಸೆಲೆಕ್ಷನ್ ಆಗಿರಲಿಲ್ಲ, ಯಾರಿಗೂ ಒಂದು ಉಪಕಾರ ಮಾಡಿರಲಿಲ್ಲ. ಆಗಲೇ ‘ಇವಳು ನನ್ನವಳು’ ಅಂತ ಆಗಿಹೋಯಿತು. ನನಗೆ ತಿಳಿದ ಮಟ್ಟಿಗೆ ಕೃಪೆ ಅಂದರೆ ಇದೇ. ನಾವು ಏನಾದರೂ ಆಗುವುದಕ್ಕೆ ಮೊದಲೇ ನಮ್ಮನ್ನು ತನ್ನವರೆಂದು ಎಣಿಸಿರುವುದು. ಈ ನಗರದಲ್ಲಿ ಎಲ್ಲ ಬಾಗಿಲಲ್ಲೂ ಮೊದಲು ಆಧಾರ್ ಕೇಳುತ್ತಾರೆ, ಕಂಪನಿ ಯಾವುದು ಅಂತಾರೆ, ಅಡ್ವಾನ್ಸ್ ಎಷ್ಟು ಕೊಡ್ತೀರಿ ಅಂತಾರೆ. ಕೇಳಿ ಕೇಳಿ ನಿನಗೆ ದೇವರ ಬಾಗಿಲಲ್ಲೂ ಏನೋ ತೋರಿಸಬೇಕು ಅನಿಸಿಬಿಟ್ಟಿದೆ.

ಬಸವಣ್ಣ ಕೂಡಲಸಂಗಮದೇವನಲ್ಲಿ ಬೇಡಿಕೊಂಡದ್ದರಲ್ಲಿ ಒಂದು, ಯಾರನ್ನೂ ಪರಕೀಯನೆಂದು ವಿಚಾರಿಸುವಂತೆ ಮಾಡಬೇಡ, ಮನೆಯವನೆಂದೇ ಎಣಿಸುವಂತೆ ಮಾಡು ಎಂಬುದು. ಆ ವಚನ ನೀನು ಶಾಲೆಯಲ್ಲಿ ಕಂಠಪಾಠ ಮಾಡಿದ್ದೇ. ಬಾಯಿಪಾಠವಾಗಿದ್ದರಿಂದಲೇ ಅದು ಬೇಡುತ್ತಿರುವುದು ಎಷ್ಟು ದೊಡ್ಡದು ಅನ್ನುವುದು ನಮಗೆ ತಟ್ಟುವುದಿಲ್ಲ. ಬಿಜ್ಜಳನ ಭಂಡಾರ ನೋಡಿಕೊಂಡವನು, ಕಲ್ಯಾಣದಲ್ಲಿ ಅಷ್ಟು ಜನರ ನಡುವೆ ಇದ್ದವನು ಕೂಡ ಅದನ್ನು ಬೇಡಬೇಕಾಯಿತು.

ನಿಮ್ಮ ಶಿಕಾರಿಪುರ ತಾಲ್ಲೂಕಿನವಳೇ ಅಕ್ಕಮಹಾದೇವಿ. ಉಡುತಡಿಗೆ ನೀನು ಹೋಗಿರುತ್ತೀಯ. ಅಲ್ಲಿಂದ ಕಲ್ಯಾಣಕ್ಕೆ ನೂರಾರು ಮೈಲಿ. 12ನೇ ಶತಮಾನದಲ್ಲಿ, ಮನೆ, ಅರಮನೆ ಎರಡನ್ನೂ ಬಿಟ್ಟ ಒಬ್ಬ ಹುಡುಗಿ ಅಷ್ಟು ದೂರ ನಡೆದಳು. ದಾರಿಯಲ್ಲಿ ಅವಳಿಗೆ ಭಯವೇ ಆಗಲಿಲ್ಲ ಅಂತ ಯಾರಾದರೂ ಹೇಳಿದರೆ ನಾನು ನಂಬುವುದಿಲ್ಲ. ಅವಳ ಒಂದು ವಚನದಲ್ಲಿ ಹಸಿವು, ಬಾಯಾರಿಕೆ, ಮಲಗುವ ಜಾಗ ಇವಕ್ಕೆಲ್ಲ ಏನೇನು ಸಿಗುತ್ತದೆ ಅಂತ ಒಂದೊಂದಾಗಿ ನೋಡುತ್ತ ಹೋಗುತ್ತಾಳೆ. ಎಲ್ಲಕ್ಕೂ ಏನೋ ಒಂದು ಇದೆ. ಜೀವಕ್ಕೆ ಜೊತೆ ಬೇಕೆಂದಾಗ ಮಾತ್ರ ಚೆನ್ನಮಲ್ಲಿಕಾರ್ಜುನನ ಕಡೆಗೆ ತಿರುಗುತ್ತಾಳೆ. ನಿನಗೂ ಪಿಜಿಯವರು ಕೊಡುವುದನ್ನು ಕೊಟ್ಟಿದ್ದಾರೆ: ಮಂಚ, ನೀರು, ತಟ್ಟೆ. ಅದರಾಚೆಯ ಹಸಿವಿಗೆ ಅವರನ್ನು ಬೈದು ಪ್ರಯೋಜನವಿಲ್ಲ. ಇನ್ನೊಂದನ್ನು ಗಮನಿಸು. ಕಲ್ಯಾಣಕ್ಕೆ ಬಂದವಳನ್ನು ಅನುಭವ ಮಂಟಪದಲ್ಲಿ ಅಲ್ಲಮ ಸುಲಭವಾಗಿ ಬಿಡಲಿಲ್ಲ, ಕಟುವಾಗಿಯೇ ಪ್ರಶ್ನೆ ಕೇಳಿದ ಎಂದು ‘ಶೂನ್ಯಸಂಪಾದನೆ’ ಹೇಳುತ್ತದೆ. ಅವಳು ಎದ್ದು ಹೋಗಲಿಲ್ಲ, ನಿಂತು ಉತ್ತರ ಕೊಟ್ಟಳು. ಎಲ್ಲ ನಂಟನ್ನೂ ಕಳಚಿ ಬಂದವಳು ಕೊನೆಗೆ ಇಡೀ ಕಲ್ಯಾಣಕ್ಕೆ ಅಕ್ಕನಾದಳು.

ಮನುಷ್ಯರು ಮುಚ್ಚುವ ಬಾಗಿಲನ್ನು ದೇವರು ಮುಚ್ಚಿದ್ದು ಎಂದುಕೊಳ್ಳಬೇಡ. ಉಡುಪಿಯಲ್ಲಿ ಕನಕದಾಸರನ್ನು ಒಳಗೆ ಬಿಡದೆ ಇದ್ದವರು ಮನುಷ್ಯರು. ಗೋಡೆಯ ಕಿಂಡಿಯಲ್ಲಿ ಅವರಿಗೆ ಕಾಣುವಂತೆ ಕೃಷ್ಣ ಅವರತ್ತ ತಿರುಗಿದ ಎನ್ನುತ್ತದೆ ಐತಿಹ್ಯ. ಇಂದಿಗೂ ಜನ ಕೃಷ್ಣನನ್ನು ಮೊದಲು ನೋಡುವುದು ಆ ಕಿಂಡಿಯ ಮೂಲಕವೇ. ಯಾವುದಾದರೂ ಗುಡಿಯಲ್ಲಿ, ಮಠದಲ್ಲಿ ನಿನ್ನನ್ನು ಯಾರಾದರೂ ಕುಲ ಕೇಳಿ ಪಕ್ಕಕ್ಕೆ ನಿಲ್ಲಿಸಿದರೆ ಆ ಅನ್ಯಾಯವನ್ನು ಅನ್ಯಾಯವೆಂದೇ ಕರೆ. ಆದರೆ ಅವರ ಮುಖವನ್ನು ದೇವರ ಮುಖಕ್ಕೆ ಅಂಟಿಸಬೇಡ.

ಇನ್ನು ಮಾಡಬೇಕಾದ್ದು. ಒಂದು ಜಾಗ ಆರಿಸಿಕೋ, ಒಂದು ಹೊತ್ತು ಆರಿಸಿಕೋ, ಬದಲಿಸದೆ ಹೋಗು. ಬನಶಂಕರಿಯಾದರೂ ಸರಿ. ಜಯನಗರ 9ನೇ ಬ್ಲಾಕಿನ ರಾಗಿಗುಡ್ಡ ಆಂಜನೇಯನ ಮೆಟ್ಟಿಲಾದರೂ ಸರಿ, ಈಗ ಅಲ್ಲಿಗೆ ಹಳದಿ ಮಾರ್ಗದ ಮೆಟ್ರೋ ಇದೆ, ಬಿಟಿಎಂನಿಂದ ಎರಡನೇ ನಿಲ್ದಾಣ. 5ನೇ ಬ್ಲಾಕಿನ ರಾಯರ ಮಠದಲ್ಲಿ ಗುರುವಾರ ಸಾಲು ನಿಲ್ಲುವವರಲ್ಲಿ ನಿನ್ನ ವಯಸ್ಸಿನವರೇ ಎಷ್ಟೋ ಜನ. ನಿನ್ನ ರೂಮಿನ ಮಂಗಳೂರಿನ ಹುಡುಗಿ ಅದೇ ಗುರುವಾರ ವಿವೇಕನಗರದ ಬಾಲ ಏಸುವಿನ ಗುಡಿಗೆ ಹೋಗುತ್ತಾಳಂತಲ್ಲ, ಅವಳ ಜೊತೆ ಒಮ್ಮೆ ನೀನೂ ಹೋಗು, ಅವಳನ್ನೂ ಕರೆದುಕೊಂಡು ಬಾ. ಮೊದಲ ಸಲ ಏನೂ ಅನಿಸದೆ ಇರಬಹುದು. ನಾಲ್ಕನೆಯ ಸಲ ಹೂ ಮಾರುವವಳು ‘ಹೋದ ವಾರ ಬರಲಿಲ್ಲವಲ್ಲ’ ಅನ್ನುತ್ತಾಳೆ. ‘ದೇವರಿಗೆ ನನ್ನ ನೆನಪಿಲ್ಲ’ ಅಂದೆಯಲ್ಲ, ಅವನು ನೆನಪಿಟ್ಟುಕೊಳ್ಳುವ ಬಗೆಗಳಲ್ಲಿ ಅದೂ ಒಂದು ಎಂದು ನಾನು ನಿಜವಾಗಿ ನಂಬುತ್ತೇನೆ.

ಸುಮ್ಮನೆ ಕೈಮುಗಿದು ಬರಬೇಡ, ಏನಾದರೂ ಕೆಲಸ ಕೇಳು. ಎಲೆ ಹಾಕುವುದು, ನೀರು ಬಡಿಸುವುದು, ಚಪ್ಪಲಿ ನೋಡಿಕೊಳ್ಳುವುದು. ಹನುಮ ಜಯಂತಿಯಂಥ ಉತ್ಸವದ ಹೊತ್ತಿನಲ್ಲಿ ಎಲ್ಲ ಕಡೆ ಕೈ ಸಾಲದು. ಸೊಂಟಕ್ಕೆ ವೇಲ್ ಬಿಗಿದು ಸಾಲಿಗೆ ಪುಳಿಯೋಗರೆ ಬಡಿಸುವವಳಿಗೆ ತಾನು ಹೊರಗಿನವಳು ಎಂದು ನೆನಪಾಗುವುದಕ್ಕೆ ಪುರುಸೊತ್ತೇ ಇರುವುದಿಲ್ಲ.

ಒಂದು ಎಚ್ಚರ ಮಾತ್ರ ಇಟ್ಟುಕೋ. ಒಂಟಿಯಾಗಿರುವ ಮಕ್ಕಳನ್ನು ಗುರುತಿಸಿ ಹತ್ತಿರ ಸೇರಿಸಿಕೊಳ್ಳುವವರೂ ಈ ಊರಲ್ಲಿದ್ದಾರೆ. ಯಾವ ಧರ್ಮದವರೇ ಆಗಲಿ, ಯಾವ ಸ್ವಾಮಿಯೇ ಆಗಲಿ, ಮೊದಲ ತಿಂಗಳಲ್ಲೇ ದುಡ್ಡು ಕೇಳಿದರೆ, ಮನೆಯವರಿಗೆ ಹೇಳಬೇಡ ಅಂದರೆ, ಹಳೆಯ ಗೆಳತಿಯರನ್ನು ಬಿಡು ಅಂದರೆ, ಎದ್ದು ಬಾ. ದೇವರ ಕೃಪೆ ಇದ್ದ ನಂಟನ್ನು ಕಡಿಯುವುದಿಲ್ಲ.

ಮತ್ತೆ, ಒಂಟಿತನವೇ ಬೇರೆ, ರೋಗವೇ ಬೇರೆ. ವಾರಗಟ್ಟಲೆ ನಿದ್ದೆ ಬರದಿದ್ದರೆ, ಊಟ ಸೇರದಿದ್ದರೆ, ಬದುಕೇ ಬೇಡ ಎಂಬ ಯೋಚನೆ ಒಮ್ಮೆ ಸುಳಿದರೂ ಸಾಕು, ಹರಕೆ ಹೊತ್ತುಕೊಂಡು ಕೂರಬೇಡ. 14416ಕ್ಕೆ ಫೋನ್ ಮಾಡು. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, 2022ರಲ್ಲಿ ಶುರುವಾದದ್ದು, ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲಿ ಮಾತಾಡಬಹುದು. ಹೊಸೂರು ರಸ್ತೆಯಲ್ಲಿ ನಿಮ್ಹಾನ್ಸ್ ಆಸ್ಪತ್ರೆ ಇದೆ, ನನ್ನನ್ನು ಕರೆ, ಜೊತೆಗೆ ಬರುತ್ತೇನೆ. ದೇವರನ್ನು ನಂಬುವವರು ವೈದ್ಯರ ಹತ್ತಿರ ಹೋಗಬಾರದು ಎನ್ನುವವರ ಮಾತು ಕಿವಿಗೆ ಹಾಕಿಕೊಳ್ಳಬೇಡ. ಆ ಮಾತಿನಿಂದ ಹಾಳಾದ ಮನೆಗಳನ್ನು ನೋಡಿದ್ದೇನೆ.

ಕೊನೆಗೆ ನೀನು ಇನ್ನೊಂದು ಹೇಳಿದ್ದೆ, ‘ನನಗೆ ಸ್ತೋತ್ರ ಗೀತ್ರ ಬರಲ್ಲ, ಪ್ರಾರ್ಥನೆ ಹೇಗೆ ಮಾಡೋದು’ ಅಂತ. ದಿನವಿಡೀ ಆಫೀಸಿನಲ್ಲಿ ಇಂಗ್ಲಿಷು, ರೂಮಿನಲ್ಲಿ ಹಿಂದಿ. ದೇವರ ಹತ್ತಿರವಾದರೂ ನಿಮ್ಮೂರ ಮಾತಿನಲ್ಲಿ ಮಾತಾಡು. ಶರಣರು ದೇವರ ಜೊತೆ ಮಾತಾಡಿದ್ದು ಅಡುಗೆಮನೆಯ, ಹೊಲದ, ಮಗ್ಗದ ಕನ್ನಡದಲ್ಲಿ. ದಾಸರು ಹೊಗಳಿದ್ದಷ್ಟೇ ಅಲ್ಲ, ಜಗಳ ಆಡಿದ್ದಾರೆ, ನಿಂದಾಸ್ತುತಿ ಮಾಡಿದ್ದಾರೆ. ಸೂಟ್‌ಕೇಸಿನಿಂದ ಲಿಂಗ ತೆಗೆದು ಅಂಗೈಯಲ್ಲಿಟ್ಟುಕೊಂಡು, ಮ್ಯಾನೇಜರ್ ಏನಂದ ಅಂತ ಹೇಳು. ಇವತ್ತು ಯಾರೂ ಮಾತಾಡಿಸಲಿಲ್ಲ ಅಂತ ಹೇಳು. ಇಲ್ಲಿಗೆ ಯಾಕೆ ಕರೆತಂದೆ ಅಂತ ಬೈಯಬೇಕೆನಿಸಿದರೆ ಬೈ. ಅಳು ಬಂದರೆ ಅಳು, ರೂಮಿನವರು ನೋಡಿದರೆ ನೋಡಲಿ. ಅವರಲ್ಲಿ ಒಬ್ಬಳಾದರೂ ಕೇಳಿಯೇ ಕೇಳುತ್ತಾಳೆ ಏನಾಯಿತು ಅಂತ. ಆಗ ‘ಏನಿಲ್ಲ’ ಅನ್ನಬೇಡ, ಹೇಳು.