ಕತ್ತು ತಿರುಚಿಕೊಂಡ ಕೋಳಿಮರಿ ಬದುಕೀತೇ?

ಪ್ರಶ್ನೆ: ನಾವು ಮೈಸೂರಿನ ಕುವೆಂಪುನಗರದಲ್ಲಿದ್ದೇವೆ. ಮೂರನೇ ತರಗತಿಯ ಮಗಳು ಹಠ ಹಿಡಿದಳೆಂದು ರಸ್ತೆ ಬದಿ ಬುಟ್ಟಿಯಲ್ಲಿ ಮಾರುತ್ತಿದ್ದ ಎರಡು ಬಣ್ಣದ ಕೋಳಿಮರಿ ತಂದೆವು. ಒಂದು ಗುಲಾಬಿ, ಒಂದು ಹಸಿರು. ಎರಡು ವಾರ ಓಡಾಡಿಕೊಂಡು ಚೆನ್ನಾಗಿದ್ದವು. ನುಚ್ಚಕ್ಕಿ, ಮಿಕ್ಕ ಅನ್ನ ಹಾಕುತ್ತಿದ್ದೆವು. ನಡುವೆ ಹಿಕ್ಕೆಯಲ್ಲಿ ರಕ್ತ ಕಂಡಿತೆಂದು ಅಂಗಡಿಯಲ್ಲಿ ಕೊಟ್ಟ ಪುಡಿಯೊಂದನ್ನು ನೀರಿಗೆ ಬೆರೆಸಿ ಈಗಲೂ ಕುಡಿಸುತ್ತಿದ್ದೇನೆ. ಮೂರು ದಿನದಿಂದ ಗುಲಾಬಿ ಮರಿಯ ಕತ್ತು ಹಿಂದಕ್ಕೆ ಸೆಟೆದುಕೊಂಡಿದೆ. ಮುಂದೆ ಹೆಜ್ಜೆ ಇಡಲು ಹೋದರೆ ಹಿಂದಕ್ಕೆ ಬೀಳುತ್ತದೆ, ಪಲ್ಟಿ ಹೊಡೆಯುತ್ತದೆ. ಹಿಡಿದು ಕೂರಿಸಿದರೆ ಒಂದಿಷ್ಟು ತಿನ್ನುತ್ತದೆ. ಇದು ಕೊಕ್ಕರೆ ರೋಗ, ಮನೆಯಲ್ಲಿ ಇಟ್ಟುಕೊಳ್ಳಬೇಡಿ ಅನ್ನುತ್ತಾರೆ ಅತ್ತೆ. ಇಪ್ಪತ್ತು ರೂಪಾಯಿ ಮರಿಗೆ ಡಾಕ್ಟರ್ ಬೇಕಾ ಅನ್ನುತ್ತಾರೆ ಯಜಮಾನರು. ಮಗಳಿಗೆ ನಾನು ‘ಬದುಕುತ್ತೆ’ ಅಂತ ಮಾತು ಕೊಟ್ಟುಬಿಟ್ಟಿದ್ದೇನೆ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ನನಗೆ ಧೈರ್ಯ ಕೊಟ್ಟ ಮಾತು ಎರಡು. ಹಿಡಿದು ಕೂರಿಸಿದರೆ ಮರಿ ಇನ್ನೂ ತಿನ್ನುತ್ತಿದೆ. ಜೊತೆಯ ಹಸಿರು ಮರಿಗೆ ಏನೂ ಆದಂತಿಲ್ಲ. ಹಾಗಿದ್ದರೆ ಇದನ್ನು ಕೈಬಿಡುವ ಕಾಲ ಬಂದಿಲ್ಲ. ಕತ್ತು ತಿರುಚಿದ ಮರಿಗಳಲ್ಲಿ ಹೆಚ್ಚಿನವು ಸಾಯುವುದು ಕತ್ತಿನಿಂದಲ್ಲ. ಕೊಕ್ಕು ತಟ್ಟೆಗೆ ಮುಟ್ಟದೆ ಹಸಿದು, ಬಾಯಾರಿ, ಬಿದ್ದಲ್ಲೇ ತಣ್ಣಗಾಗಿ ಸಾಯುತ್ತವೆ. ಕಾರಣ ಯಾವುದೇ ಇರಲಿ, ಆ ಮೂರನ್ನು ತಡೆಯುವುದು ನಿಮ್ಮ ಕೈಯಲ್ಲಿದೆ. ಅದನ್ನು ಇವತ್ತೇ ಶುರುಮಾಡಿ, ಕಾರಣ ಹುಡುಕುವ ಕೆಲಸ ಜೊತೆಜೊತೆಗೇ ನಡೆಯಲಿ.

ಮೊದಲು ಬೆಚ್ಚಗಿನ ಜಾಗ. ಮೂರು ವಾರದ ಮರಿಗೆ ಇನ್ನೂ ಪೂರ್ತಿ ಗರಿ ಬಂದಿರುವುದಿಲ್ಲ. ಮೊದಲ ವಾರ 35 ಡಿಗ್ರಿ ಸೆಲ್ಸಿಯಸ್, ಆಮೇಲೆ ವಾರಕ್ಕೆ ಸುಮಾರು ಮೂರು ಡಿಗ್ರಿ ಇಳಿಸುತ್ತಾ ಹೋಗಬೇಕು ಎಂಬುದು ಕೋಳಿ ಸಾಕುವವರ ಲೆಕ್ಕ. ಆ ಪ್ರಕಾರ ನಿಮ್ಮ ಮರಿಗೆ ಈಗ 29 ಡಿಗ್ರಿಯ ಹತ್ತಿರ ಬೇಕು. ಕಾಯಿಲೆಯ ಮರಿಯಾದ್ದರಿಂದ ಒಂದೆರಡು ಡಿಗ್ರಿ ಹೆಚ್ಚಿದ್ದರೂ ಸರಿ. ಮೈಸೂರಿನ ಚಳಿಗಾಲದ ರಾತ್ರಿ 16-17 ಡಿಗ್ರಿಗೆ ಇಳಿಯುತ್ತದೆ, ಅಡುಗೆಮನೆಯ ಮೂಲೆಯೂ ಅದಕ್ಕೆ ಸಾಲದು. ರಟ್ಟಿನ ಡಬ್ಬದ ಒಂದು ಬದಿಯ ಮೇಲೆ 40 ಅಥವಾ 60 ವ್ಯಾಟಿನ ಹಳೇ ಮಾದರಿಯ ತಂತಿ ಬಲ್ಬನ್ನು ಭದ್ರವಾಗಿ ಕಟ್ಟಿ. ರಟ್ಟಿಗೂ ಬಟ್ಟೆಗೂ ತಾಗಬಾರದು. ಎಲ್‌ಇಡಿ ಬಲ್ಬ್ ಬೆಳಕು ಕೊಡುತ್ತದೆಯೇ ಹೊರತು ಮರಿಗೆ ಬೇಕಾದ ಕಾವು ಕೊಡುವುದಿಲ್ಲ. ಎಷ್ಟೋ ಮನೆಗಳಲ್ಲಿ ಲೈಟ್ ಹಾಕಿದ್ದೆವಲ್ಲ ಎಂದು ಆಮೇಲೆ ಕೊರಗುವುದು ಇದೇ ಕಾರಣಕ್ಕೆ. ಡಬ್ಬದ ಇನ್ನೊಂದು ಬದಿ ತಂಪಾಗಿರಲಿ. ಮರಿ ಬಾಯಿ ತೆರೆದು ಏದುತ್ತಿದ್ದರೆ ಕಾವು ಹೆಚ್ಚಾಯಿತು, ಕೂಗುತ್ತಾ ಮುದುಡಿಕೊಂಡರೆ ಕಡಿಮೆಯಾಯಿತು ಎಂದು ತಿಳಿಯಿರಿ. ಇದು ತಾನಾಗಿ ಸರಿದುಕೊಳ್ಳಲಾರದ ಮರಿ, ಅದರ ಪರವಾಗಿ ನೀವೇ ಸರಿಸಬೇಕು.

ಕೆಳಗೆ ನ್ಯೂಸ್‌ಪೇಪರ್ ಹಾಸಿದ್ದರೆ ತೆಗೆದುಬಿಡಿ. ಅದರ ಮೇಲೆ ಗಟ್ಟಿ ಮರಿಗೇ ಕಾಲು ಜಾರುತ್ತದೆ, ತೂಕ ತಪ್ಪಿದ ಮರಿ ನಿಲ್ಲುವುದು ಎಲ್ಲಿಂದ ಬಂತು? ಗೋಣಿಚೀಲದ ತುಂಡು ಹಾಸಿ. ಹಳೇ ಟವೆಲ್ಲನ್ನು ಸುರುಳಿ ಸುತ್ತಿ ಉಂಗುರದಂತೆ ಇಟ್ಟು, ನಡುವೆ ಮರಿಯನ್ನು ಕೂರಿಸಿ. ಎರಡೂ ಪಕ್ಕೆಗೆ, ಎದೆಗೆ ಆಸರೆ ಸಿಕ್ಕರೆ ಪಲ್ಟಿ ನಿಲ್ಲುತ್ತದೆ. ಬೆನ್ನ ಮೇಲೆ ಬಿದ್ದು ತುಂಬ ಹೊತ್ತು ಹಾಗೇ ಇದ್ದ ಮರಿ ಕಾಲು ಬಡಿದೇ ಬಸವಳಿದುಹೋಗುತ್ತದೆ. ಅದಕ್ಕೇ ಇಷ್ಟು ಹೇಳುತ್ತಿದ್ದೇನೆ.

ಇನ್ನು ನೀರು. ಕೊಕ್ಕು ಬಿಡಿಸಿ ಒಳಗೆ ಸುರಿಯಬೇಡಿ, ಶ್ವಾಸನಾಳಕ್ಕೆ ಹೋದರೆ ಅಲ್ಲಿಗೇ ಮುಗಿಯಿತು. ಔಷಧಿ ಅಂಗಡಿಯ ಡ್ರಾಪರ್‌ನಿಂದ ಕೊಕ್ಕಿನ ಪಕ್ಕಕ್ಕೆ ಒಂದು ಹನಿ ಮುಟ್ಟಿಸಿ. ಮರಿ ತಾನೇ ಕೊಕ್ಕು ಆಡಿಸಿ ಒಳಗೆಳೆದುಕೊಳ್ಳುತ್ತದೆ. ಅದು ನುಂಗಿದ ಮೇಲೆ ಇನ್ನೊಂದು ಹನಿ. ತಿನ್ನಿಸುವಾಗ ಎಡಗೈಯಲ್ಲಿ ಮೈಯನ್ನು ಬಟ್ಟೆಯೊಂದಿಗೆ ಹಿಡಿದು, ಹೆಬ್ಬೆರಳು ತೋರುಬೆರಳಿನಿಂದ ತಲೆಯ ಹಿಂಭಾಗಕ್ಕೆ ಆಸರೆ ಕೊಟ್ಟು, ಕತ್ತು ಎಷ್ಟು ಸುಲಭವಾಗಿ ಮುಂದೆ ಬರುತ್ತದೋ ಅಷ್ಟೇ ತನ್ನಿ. ಒತ್ತಿ ನೇರ ಮಾಡಲು, ಎಣ್ಣೆ ಹಚ್ಚಿ ನೀವಲು ಯಾರು ಹೇಳಿದರೂ ಬೇಡ. ತೊಂದರೆ ಇರುವುದು ಕತ್ತಿನ ಮೂಳೆಯಲ್ಲಲ್ಲ. ಕತ್ತನ್ನು ಆಳುವ ನರ, ಮೆದುಳು ಕೆಟ್ಟಿರುವುದು. ದಿನಕ್ಕೆ ಐದಾರು ಸಲ ಸ್ವಲ್ಪ ಸ್ವಲ್ಪವೇ ತಿನ್ನಿಸಿ. ಕತ್ತಿನ ಬುಡದಲ್ಲಿರುವ ಕಾಳಿನ ಚೀಲವನ್ನು ಬೆರಳಲ್ಲಿ ಮುಟ್ಟಿ ನೋಡಿ, ಮೆತ್ತಗೆ ಉಬ್ಬಿದ್ದರೆ ಹೊಟ್ಟೆಗೆ ಸೇರುತ್ತಿದೆ ಎಂದರ್ಥ. ಬೆಳಿಗ್ಗೆ ಎದ್ದ ಕೂಡಲೇ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ, ಕ್ಯಾಲೆಂಡರಿನಲ್ಲಿ ಗುರುತು ಹಾಕುವ ಕೆಲಸವನ್ನು ಮಗಳಿಗೆ ಕೊಡಿ.

ಈಗ ಏನು ತಿನ್ನಿಸಬೇಕೆಂಬ ವಿಷಯ. ನಿಮ್ಮ ಮರಿಯ ಕಾಯಿಲೆಯ ಬೇರು ಇಲ್ಲೇ ಇರಬಹುದೆಂದು ನನ್ನ ಬಲವಾದ ಅನುಮಾನ.

1890ರ ಆಸುಪಾಸಿನ ಮಾತು. ಜಾವಾದ ಬಟಾವಿಯಾದಲ್ಲಿ, ಅಂದರೆ ಇಂದಿನ ಜಕಾರ್ತಾದಲ್ಲಿ, ಕ್ರಿಸ್ಟಿಯಾನ್ ಐಕ್‌ಮನ್ ಎಂಬ ಡಚ್ ವೈದ್ಯರು ಬೆರಿಬೆರಿ ಕಾಯಿಲೆಯ ಮೂಲ ಹುಡುಕುತ್ತಿದ್ದರು. ಅವರ ಪ್ರಯೋಗಾಲಯದ ಕೋಳಿಗಳು ಇದ್ದಕ್ಕಿದ್ದಂತೆ ಕಾಲು ಸೋತು ತೂರಾಡತೊಡಗಿದವು. ಕೆಲವು ತಿಂಗಳ ಮೇಲೆ ಹಾಗೆಯೇ ವಾಸಿಯೂ ಆದವು. ವಿಚಾರಿಸಿದಾಗ ತಿಳಿದದ್ದು ಇಷ್ಟು: ಕಾಯಿಲೆಯ ದಿನಗಳಲ್ಲಿ ಅವಕ್ಕೆ ಮಿಲಿಟರಿ ಆಸ್ಪತ್ರೆಯ ಅಡುಗೆಮನೆಯಲ್ಲಿ ಮಿಕ್ಕ ಪಾಲಿಶ್ ಅಕ್ಕಿಯ ಅನ್ನ ಹಾಕುತ್ತಿದ್ದರು. ಹೊಸದಾಗಿ ಬಂದ ಅಡುಗೆಯವನು ಅದನ್ನು ಕೊಡಲು ಒಪ್ಪದ ಕಾರಣ ತೌಡು ತೆಗೆಯದ ಅಕ್ಕಿ ಹಾಕಬೇಕಾಯಿತು, ಕೋಳಿಗಳು ಚೇತರಿಸಿಕೊಂಡವು. ಆ ತೌಡಿನಲ್ಲಿದ್ದದ್ದನ್ನು ಇವತ್ತು ನಾವು ಥಯಾಮಿನ್ ಅಥವಾ ಬಿ1 ವಿಟಮಿನ್ ಅನ್ನುತ್ತೇವೆ. ಐಕ್‌ಮನ್‌ರಿಗೆ 1929ರಲ್ಲಿ ನೊಬೆಲ್ ಪ್ರಶಸ್ತಿಯೂ ಬಂತು.

ನಿಮ್ಮ ಮನೆಯ ನುಚ್ಚಕ್ಕಿ, ಅನ್ನ ಎರಡೂ ಪಾಲಿಶ್ ಅಕ್ಕಿಯವೇ. ಪಿಷ್ಟವನ್ನು ಶಕ್ತಿಯಾಗಿ ಬಳಸಿಕೊಳ್ಳಲು ನರಕ್ಕೆ, ಮೆದುಳಿಗೆ ಬಿ1 ಬೇಕು. ಬರೀ ಅನ್ನ ತಿಂದರೆ ಬೇಡಿಕೆ ಏರುತ್ತದೆ, ಸರಬರಾಜು ಮಾತ್ರ ಇರುವುದಿಲ್ಲ. ಕತ್ತು ಹಿಂದಕ್ಕೆ ಸೆಟೆದು ಆಕಾಶ ನೋಡುವ ಭಂಗಿ ಬಿ1 ಕೊರತೆಯ ಹೆಸರಾಂತ ಗುರುತು. ಅದರ ಮೇಲೆ ನೀವು ಕುಡಿಸುತ್ತಿರುವ ಪುಡಿ. ಪೊಟ್ಟಣದ ಮೇಲೆ ‘ಆಂಪ್ರೋಲಿಯಂ’ ಎಂದಿದೆಯೇ ನೋಡಿ. ರಕ್ತಭೇದಿಗೆ ಅದು ಒಳ್ಳೆಯ ಔಷಧವೇ. ಆದರೆ ಅದು ಕೆಲಸ ಮಾಡುವುದು ಬಿ1ನಂತೆ ವೇಷ ಹಾಕಿ, ಕರುಳಿನ ಪರೋಪಜೀವಿಗೆ ನಿಜವಾದ ಬಿ1 ಸಿಗದಂತೆ ತಡೆದು. ಅಳತೆ ಮೀರಿದರೆ, ದಿನ ಮೀರಿದರೆ ಮರಿಗೂ ಅದೇ ಗತಿ. ರಕ್ತಭೇದಿ ನಿಂತಿದ್ದರೆ ಪಶುವೈದ್ಯರಿಗೆ ಫೋನ್ ಮಾಡಿ, ಎಷ್ಟು ದಿನದಿಂದ ಯಾವ ಅಳತೆಯಲ್ಲಿ ಕೊಟ್ಟಿದ್ದೀರೆಂದು ಹೇಳಿ, ನಿಲ್ಲಿಸಬಹುದೇ ಎಂದು ಕೇಳಿ. ಅದನ್ನೂ ಬಿ1 ಅನ್ನೂ ಒಟ್ಟಿಗೆ ಕೊಟ್ಟರೆ ಒಂದು ಇನ್ನೊಂದನ್ನು ಕೆಡಿಸುತ್ತದೆ.

ಎರಡನೆಯ ಅನುಮಾನ ಇ ವಿಟಮಿನ್ ಕೊರತೆ. ಎರಡರಿಂದ ನಾಲ್ಕು ವಾರದ ಮರಿಗಳಲ್ಲೇ ಇದು ಹೆಚ್ಚು. ದೇಹದ ಸಮತೋಲ ಕಾಯುವ ಕಿರುಮೆದುಳು ಮೆತ್ತಗಾಗಿ ಮರಿ ತೂರಾಡುತ್ತದೆ, ತಲೆ ಅದುರುತ್ತದೆ, ಅಂಗಾತ ಬೀಳುತ್ತದೆ. ಹಳಸಿದ ಎಣ್ಣೆಯಂಶ ಇರುವ ಮೇವು ಇದಕ್ಕೆ ಮುಖ್ಯ ಕಾರಣ. ಹಾಗಾಗಿ ತೌಡು ಒಳ್ಳೆಯದೆಂದು ನಾನೇ ಹೇಳಿದರೂ, ತಿಂಗಳುಗಟ್ಟಲೆ ಅಂಗಡಿಯಲ್ಲಿ ಕುಳಿತು ಮುಗ್ಗಲು ವಾಸನೆ ಹೊಡೆಯುವ ತೌಡನ್ನು ತರಬೇಡಿ. ಗಿರಣಿಯಿಂದ ಹೊಸದಾಗಿ ಬಂದದ್ದು ಸಿಕ್ಕರೆ ಮಾತ್ರ ತನ್ನಿ.

ಕಾಲ್ಬೆರಳುಗಳನ್ನೂ ನೋಡಿ. ಒಳಕ್ಕೆ ಮುಷ್ಟಿಯಂತೆ ಮಡಚಿಕೊಂಡಿದ್ದರೆ ಬಿ2 ಸಾಲದಾಗಿದೆ. ಇಷ್ಟೂ ಕೊರತೆಗೆ ಬೇರೆ ಬೇರೆ ಔಷಧ ಹುಡುಕುತ್ತಾ ಕೂರುವುದು ಬೇಡ. ಪಶು ಔಷಧಿ ಅಂಗಡಿಯಲ್ಲಿ ಕೋಳಿಗೆಂದೇ ಮಾಡಿದ ಬಿ-ಕಾಂಪ್ಲೆಕ್ಸ್ ದ್ರವ ಸಿಗುತ್ತದೆ, ಬಾಟಲಿಯ ಮೇಲಿನ ಅಳತೆಯಂತೆ ಕೊಡಿ. ಮನುಷ್ಯರ ಇ ವಿಟಮಿನ್ ಕ್ಯಾಪ್ಸೂಲನ್ನು ಸೂಜಿಯಲ್ಲಿ ಚುಚ್ಚಿ ದಿನಕ್ಕೊಂದು ಹನಿ ಕೊಕ್ಕಿಗೆ ಸವರಿದರೆ ಸಾಕು. ಇ ವಿಟಮಿನ್ ಜೊತೆಗೆ ಸೆಲೆನಿಯಂ ಬೇಕೆಂದು ಯಾರಾದರೂ ಹೇಳಿಯಾರು, ಮಾತು ನಿಜ. ಆದರೆ ಸೆಲೆನಿಯಂ ಸ್ವಲ್ಪ ಹೆಚ್ಚಾದರೂ ವಿಷ. ಅದರ ಮಾತ್ರೆ ಬೇಡ, ಬೇಯಿಸಿದ ಮೊಟ್ಟೆಯ ಹಳದಿ ಕಿವುಚಿ ಚಿಟಿಕೆಯಷ್ಟು ಕೊಡಿ, ಬೇಕಾದಷ್ಟು ಅದರಲ್ಲೇ ಇದೆ. ಕೋಳಿಗೆ ಮೊಟ್ಟೆಯೇ ಎಂದು ಮಗಳು ಮುಖ ಕಿವುಚಬಹುದು. ಮರಿ ಮೊಟ್ಟೆಯೊಳಗೆ ಬೆಳೆದದ್ದೇ ಆ ಹಳದಿ ತಿಂದು ಎಂದು ಹೇಳಿ. ದಿನದ ಊಟಕ್ಕೆ ಮರಿಗಳ ‘ಚಿಕ್ ಸ್ಟಾರ್ಟರ್’ ಫೀಡನ್ನು ನೀರಲ್ಲಿ ನೆನೆಸಿ ಮೆತ್ತಗೆ ಮಾಡಿಕೊಡಿ. ಇದು ಹಸಿರು ಮರಿಗೂ ಬೇಕು. ಅದೂ ಇದೇ ಅನ್ನ ತಿಂದು ಬೆಳೆದದ್ದು, ಇವತ್ತು ಗಟ್ಟಿಯಾಗಿದೆಯೆಂದು ಸುಮ್ಮನಿರಬೇಡಿ. ಮನುಷ್ಯರ ನೋವಿನ ಮಾತ್ರೆ, ಬ್ರಾಂದಿ ಹನಿ ಎರಡರಲ್ಲಿ ಯಾವುದನ್ನೂ ಹತ್ತಿರ ತರಬೇಡಿ.

ಇನ್ನೊಂದು ಸಾಧ್ಯತೆ ತಲೆಗೆ ಬಿದ್ದ ಪೆಟ್ಟು. ಕೈಯಿಂದ ಜಾರಿ ಬಿತ್ತೇ, ಬಾಗಿಲಿಗೆ ಸಿಕ್ಕಿತೇ ಎಂದು ಮಗಳನ್ನು ಕೇಳಿ. ಗದರಿಸಿ ಕೇಳಿದರೆ ನಿಜ ಹೊರಬರುವುದಿಲ್ಲ. ಪೆಟ್ಟೇ ಆಗಿದ್ದರೆ ಮಬ್ಬು ಬೆಳಕು, ನಿಶ್ಶಬ್ದ, ವಿಶ್ರಾಂತಿಯೇ ಮುಖ್ಯ ಔಷಧ.

ನಿಮ್ಮ ಅತ್ತೆಯವರ ಮಾತನ್ನು ತಳ್ಳಿಹಾಕಬೇಡಿ. ಕೊಕ್ಕರೆ ರೋಗದಲ್ಲೂ, ಅಂದರೆ ರಾಣಿಖೇತ್ ರೋಗದಲ್ಲೂ, ಕತ್ತು ಹೀಗೆಯೇ ತಿರುಚುತ್ತದೆ. ಹಳ್ಳಿಯ ಹಿತ್ತಲಲ್ಲಿ ಕೋಳಿ ಸಾಕಿದವರು ಅದನ್ನು ಕಣ್ಣಾರೆ ಕಂಡಿರುತ್ತಾರೆ. ಆದರೆ ಅದು ಬಂದರೆ ಸಾಮಾನ್ಯವಾಗಿ ಒಂದೇ ಮರಿಗೆ ನಿಲ್ಲುವುದಿಲ್ಲ. ಏದುಸಿರು, ಹಸಿರು ಭೇದಿ, ಜೋತುಬಿದ್ದ ರೆಕ್ಕೆ, ದಿನ ಕಳೆಯುವುದರೊಳಗೆ ಪಕ್ಕದ್ದೂ ಮಂಕಾಗುವುದು, ಇವೆಲ್ಲ ಜೊತೆಗೂಡಿ ಬರುತ್ತವೆ. ಫಾರಂಗಳಲ್ಲಿ ಮೊದಲ ವಾರದಲ್ಲೇ ಇದಕ್ಕೆ ಕಣ್ಣಿಗೆ ಲಸಿಕೆ ಹನಿ ಬಿಡುತ್ತಾರೆ. ಬುಟ್ಟಿಯಲ್ಲಿ ಮಾರುವ ಬಣ್ಣದ ಮರಿಗಳಿಗೆ ಆ ಭಾಗ್ಯ ಇರುತ್ತದೆಂದು ನಂಬುವಂತಿಲ್ಲ. ಹಾಗಾಗಿ ಸದ್ಯಕ್ಕೆ ಎರಡನ್ನೂ ಬೇರೆ ಬೇರೆ ಕೋಣೆಯಲ್ಲಿಡಿ. ಕಾಯಿಲೆಯದನ್ನು ಕೊನೆಗೆ ಮುಟ್ಟಿ, ಪ್ರತಿ ಸಲ ಸೋಪಿನಲ್ಲಿ ಕೈ ತೊಳೆಯಿರಿ, ಮಗಳು ಮರಿಗೆ ಮುತ್ತು ಕೊಡುವುದು ಬೇಡ. ಅಂಟುರೋಗವಲ್ಲ ಎಂದು ವೈದ್ಯರು ಹೇಳಿದ ಮೇಲೆ ನಡುವೆ ಜಾಲರಿ ಇಟ್ಟು ಒಂದಕ್ಕೊಂದು ಕಾಣುವಂತೆ ಮಾಡಿ, ಒಂಟಿ ಮರಿ ಕೂಗಿ ಕೂಗಿ ಸೊರಗುತ್ತದೆ. ಜಾಲರಿ ಇಲ್ಲದೆ ಬಿಟ್ಟರೆ ಗಟ್ಟಿ ಮರಿ ಬಿದ್ದದ್ದನ್ನು ಕುಕ್ಕುತ್ತದೆ.

ಮೈಸೂರಿಗೆ ಹಕ್ಕಿಜ್ವರದ ನೆನಪೂ ಇದೆ. 2017ರ ಜನವರಿಯಲ್ಲಿ ಮೃಗಾಲಯವನ್ನು ತಿಂಗಳ ಕಾಲ ಮುಚ್ಚಿದ್ದರು. 2020ರ ಮಾರ್ಚಿನಲ್ಲಿ ಕುಂಬಾರಕೊಪ್ಪಲಿನಲ್ಲಿ ರೋಗ ದೃಢಪಟ್ಟು ಸುತ್ತಲಿನ ಕೋಳಿಗಳನ್ನೆಲ್ಲ ಕೊಲ್ಲಬೇಕಾಯಿತು. ನೀವು ಬರೆದ ಲಕ್ಷಣ ಅದರದ್ದೆಂದು ನನಗನ್ನಿಸುವುದಿಲ್ಲ. ಎರಡೂ ಮರಿ ದಿಢೀರನೆ ಸತ್ತರೆ, ಓಣಿಯಲ್ಲಿ ಕಾಗೆಗಳು ಸತ್ತುಬಿದ್ದದ್ದು ಕಂಡರೆ ಮಾತ್ರ ಬರಿಗೈಯಲ್ಲಿ ಮುಟ್ಟದೆ ಪಶುಸಂಗೋಪನಾ ಇಲಾಖೆಗೆ ತಿಳಿಸಿ.

ನಿಮ್ಮ ಯಜಮಾನರಿಗೆ ಒಂದು ಮಾತು. ಮೊಟ್ಟೆ ಕೋಳಿಯ ತಳಿಯಲ್ಲಿ ಹುಟ್ಟುವ ಗಂಡುಮರಿಗಳಿಂದ ಹ್ಯಾಚರಿಗಳಿಗೆ ಲಾಭವಿಲ್ಲ. ಬಣ್ಣ ಬಳಿದು ಬುಟ್ಟಿಗೆ ಬರುವುದು ಹೆಚ್ಚಾಗಿ ಅವೇ. ಬೆಲೆ ಇಪ್ಪತ್ತು ರೂಪಾಯಿ ಆದದ್ದು ಆ ಕಾರಣಕ್ಕೆ. ನೋವು ಅದರ ಬೆಲೆ ನೋಡಿಕೊಂಡು ಕಡಿಮೆಯಾಗಿಲ್ಲ. ಪ್ರಾಣಿಹಿಂಸೆ ತಡೆಯುವ 1960ರ ಕಾಯ್ದೆಯೂ ಸಾಕಿದವರು ಅನ್ನ, ನೀರು, ನೆಲೆ ಕೊಡಬೇಕು ಅನ್ನುವಾಗ ಪ್ರಾಣಿಯ ದರ ಕೇಳುವುದಿಲ್ಲ. ಸರ್ಕಾರಿ ಪಶು ಆಸ್ಪತ್ರೆಗೆ ರಟ್ಟಿನ ಡಬ್ಬದಲ್ಲಿ ಕೋಳಿಮರಿ ಒಯ್ಯಲು ಸಂಕೋಚ ಬೇಡ. ಎಲ್ಲಿಗೆ ಹೋಗಬೇಕೆಂದು ತಿಳಿಯದಿದ್ದರೆ 1962ಕ್ಕೆ ಕರೆ ಮಾಡಿ ಕೇಳಿ. ಮತ್ತೆ ಬಣ್ಣದ ಮರಿ ಕೊಳ್ಳಬೇಡಿ. ಒಂದು ಕೊಂಡರೆ ಇನ್ನೊಂದು ಬುಟ್ಟಿ ಬಣ್ಣಕ್ಕೆ ಇಳಿಯುತ್ತದೆ.

ಎಷ್ಟು ದಿನ ಕಾಯಬೇಕು? ಬಿ1 ಕೊರತೆಯೇ ಆಗಿದ್ದರೆ ಒಂದೆರಡು ದಿನದಲ್ಲೇ ಬದಲಾವಣೆ ಕಾಣುತ್ತದೆ, ವೈದ್ಯರು ಇಂಜೆಕ್ಷನ್ ಕೊಟ್ಟರೆ ಇನ್ನೂ ಬೇಗ. ಇ ಕೊರತೆ, ಪೆಟ್ಟು ಆದರೆ ಎರಡರಿಂದ ನಾಲ್ಕು ವಾರ ಹಿಡಿಯಬಹುದು, ಕತ್ತು ಒಂದಿಷ್ಟು ಓರೆಯಾಗಿಯೇ ಉಳಿಯಲೂಬಹುದು. ತಾನಾಗಿ ತಿಂದು, ಕುಡಿದು, ಜೊತೆಯ ಮರಿಯ ಹಿಂದೆ ಓಡುತ್ತಿದ್ದರೆ ಆ ಓರೆಯನ್ನು ಲೆಕ್ಕಕ್ಕಿಡಬೇಡಿ. ಆದರೆ ತೂಕ ದಿನೇ ದಿನೇ ಇಳಿಯುತ್ತಿದ್ದು, ಹನಿ ನೀರೂ ನುಂಗದೆ, ಮಲಗಿದಲ್ಲೇ ಕಾಲು ಬಡಿಯುತ್ತಾ ಸೆಳೆತ ಬರುತ್ತಿದ್ದರೆ, ನೋವಿಲ್ಲದೆ ಕಳಿಸಿಕೊಡಲು ವೈದ್ಯರನ್ನು ಕೇಳಿ. ಅದೂ ಆರೈಕೆಯೇ.

ಮಗಳಿಗೆ ಕೊಟ್ಟ ಮಾತನ್ನು ಇವತ್ತೇ ತಿದ್ದಿಕೊಳ್ಳಿ. ‘ಬದುಕುತ್ತೋ ಇಲ್ವೋ ಗೊತ್ತಿಲ್ಲ ಕಣೇ, ನಾವಿಬ್ಬರೂ ಸೇರಿ ನೋಡ್ಕೊಳೋಣ’ ಅನ್ನಿ. ಎಂಟು ವರ್ಷದ ಮಗುವಿಗೆ ಇದು ಅರ್ಥವಾಗುತ್ತದೆ. ಮರಿ ಸತ್ತರೆ ‘ತೋಟಕ್ಕೆ ಬಿಟ್ಟು ಬಂದೆವು’ ಎಂದು ಕಥೆ ಕಟ್ಟಬೇಡಿ, ಅವಳ ಅಳುವಿಗೆ ಜಾಗ ಕೊಡಿ. ಅವಳೇನಾದರೂ ಬೀಳಿಸಿದ್ದೆಂದು ಒಪ್ಪಿಕೊಂಡಿದ್ದರೆ, ಅದರಿಂದಲೇ ಸತ್ತಿತೆಂಬ ಭಾರ ಅವಳ ಮೇಲೆ ಕೂರದಂತೆ ನೋಡಿಕೊಳ್ಳಿ. ಅನ್ನ ಹಾಕಿದವರು ದೊಡ್ಡವರು, ಪುಡಿ ತಂದವರೂ ದೊಡ್ಡವರು. ತಿಳಿಯದೆ ಮಾಡಿದ್ದು ಎಂದು ಅವಳಿಗೆ ನೇರವಾಗಿಯೇ ಹೇಳಬಹುದು.

ನಾಳೆ ಆಸ್ಪತ್ರೆಗೆ ಹೋಗುವಾಗ ಆ ಪುಡಿಯ ಪೊಟ್ಟಣ, ಒಂದು ಹಿಡಿ ನುಚ್ಚಕ್ಕಿ, ಹೊಸ ಹಿಕ್ಕೆಯನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿಕೊಂಡು, ಹಸಿರು ಮರಿಯನ್ನೂ ಬೇರೆ ಡಬ್ಬದಲ್ಲಿ ಜೊತೆಗೆ ಒಯ್ಯಿರಿ. ವೈದ್ಯರು ಎರಡನ್ನೂ ನೋಡಿದರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ.