ಎದ್ದು ಹೋದವನು



ಅರ್ನ್ಸ್ಟ್ ಲೂಬಿಚ್ ನಿರ್ದೇಶಿಸಿದ ‘ಟು ಬಿ ಆರ್ ನಾಟ್ ಟು ಬಿ’ (1942) ಹಾಸ್ಯಚಿತ್ರದ ಕೊನೆಯನ್ನು ತುಸು ಧ್ಯಾನಿಸೋಣ.

ವಾರ್ಸಾದ ನಾಟಕದವರು ಹಿಟ್ಲರನ ವೇಷ ಕಟ್ಟಿ, ನಾಜಿಗಳ ಕಣ್ಣಿಗೆ ಮಣ್ಣೆರಚಿ, ಅವನ ವಿಮಾನದಲ್ಲೇ ಪಾರಾಗುತ್ತಾರೆ. ಸದಾ ಭರ್ಜಿ ಹಿಡಿದು ಮೂಲೆಯಲ್ಲಿ ನಿಲ್ಲುವ ಗ್ರೀನ್‌ಬರ್ಗ್ ಅಂದು ಸೈನಿಕರ ನಡುವೆ ಶೈಲಾಕನ ಮಾತನ್ನಾಡುತ್ತಾನೆ. ಯೆಹೂದ್ಯನೂ ಮನುಷ್ಯನೇ ಎಂಬ ಆ ಮಾತಿಗೆ ಅಲ್ಲಿ ಪ್ರಾಣವೇ ಪಣ. ಪಾತ್ರಧಾರಿ ಫೆಲಿಕ್ಸ್ ಬ್ರೆಸಾರ್ಟ್ ಸ್ವತಃ ನಾಜಿ ಜರ್ಮನಿಯನ್ನು ತೊರೆದ ಯೆಹೂದ್ಯರು.

ಇನ್ನು ನಾಯಕನಟ ತೂರಾ. ವಾರ್ಸಾದಲ್ಲಿ ಅವನು ಹ್ಯಾಮ್ಲೆಟನ ಸ್ವಗತ ಆರಂಭಿಸಿದೊಡನೆ ಒಬ್ಬ ತರುಣ ವೈಮಾನಿಕ ಎದ್ದು ಹೋಗುತ್ತಿದ್ದ. ತೂರಾನ ಮಡದಿಯನ್ನು ಕಾಣಲು ಅದೇ ಗುರುತು. ಬ್ರಿಟನ್ನಿನ ರಂಗಮಂಚದಲ್ಲಿ ತೂರಾ ಮತ್ತೆ ಅದೇ ಸ್ವಗತಕ್ಕೆ ಬಾಯಿ ತೆರೆದು ಆ ತರುಣನನ್ನೇ ದಿಟ್ಟಿಸುತ್ತಾನೆ. ತರುಣ ಕದಲುವುದಿಲ್ಲ. ಎದ್ದು ಹೊರಟವನು ಇನ್ನೊಬ್ಬ! ಇಬ್ಬರೂ ಬೆರಗಾಗುತ್ತಾರೆ. ಚಿತ್ರ ಅಲ್ಲಿಗೆ ಮುಗಿಯಿತು.

ನಗು ಬಂತೇ? ಗೆಸ್ಟಾಪೊವನ್ನೇ ಏಮಾರಿಸಿದವನು ಬರಿದಾದ ಒಂದು ಕುರ್ಚಿಗೆ ಕಂಗೆಡುತ್ತಾನೆ. ಕೆ.ಜಿ.ಎಫ್.ನಲ್ಲಿ ಪ್ರಬೋಧನೆಯ ನಡುವೆ ಬಂಗಾರಪೇಟೆಯ ರೈಲಿಗೆಂದು ಒಬ್ಬರು ಎದ್ದರೂ ನಮ್ಮಂಥ ಗುರುಗಳ ಮಾತು ತಡವರಿಸುತ್ತದೆ!

ಆ ಮಡದಿಯಾಗಿ ನಟಿಸಿದ ಕ್ಯಾರಲ್ ಲೊಂಬಾರ್ಡ್ ಪ್ರೇಕ್ಷಕರ ಈ ನಗುವನ್ನು ಕೇಳಲಿಲ್ಲ. ಯುದ್ಧಬಾಂಡ್ ಮಾರಿ ಮರಳುವಾಗ, ಚಿತ್ರ ತೆರೆ ಕಾಣುವ ಮುನ್ನವೇ, 1942ರ ಜನವರಿ 16ರಂದು ವಿಮಾನ ಅಪಘಾತದಲ್ಲಿ ತೀರಿಕೊಂಡರು.